ಬೊಲೆರೊ ಶಾಕರ್ ಪ್ರಸಂಗ

ಟಿಟ್ವಾಳಾದಲ್ಲಿ ಜನ ಲೋಕಲ್ ಇಳಿಯುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು ಮಹಾಗಣಪತಿ, ಇನ್ನೊಂದು, ಡೊಂಬಿವಲಿಯಲ್ಲಿ ಮನೆ ಕೊಳ್ಳಲು ದುಡ್ಡು ಸಾಲದಿರುವುದು. ಕುಂದಾಪುರ ಕಡೆಯ ಈ ಯಜಮಾನರು ಎರಡನೆಯ ಕಾರಣಕ್ಕೆ ಬಂದು, ಕೇಳಿದವರಿಗೆಲ್ಲ ಮೊದಲನೆಯದನ್ನು ಹೇಳಿಕೊಂಡಿರುವವರು. ಕಣ್ವರ ಆಶ್ರಮ ಇಲ್ಲೇ ಇತ್ತು, ಶಕುಂತಲೆ ಪೂಜಿಸಿದ ಗಣಪತಿ ಇವನೇ ಎಂಬ ಸ್ಥಳಪುರಾಣವನ್ನು ಊರಿಂದ ಬಂದ ನೆಂಟರಿಗೆ ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲೇ ಮುಗಿಸುತ್ತಾರೆ. ಈಚೆಗೆ ನೆಂಟರು ಪುರಾಣಕ್ಕೆ ಕಿವಿ ಕೊಡುತ್ತಿಲ್ಲ. ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು ಕೂತಿರುತ್ತಾರೆ.

ಕಾರಣ ಬೊಲೆರೊ. 2011ರ ಗಾಡಿ, ಕಲ್ಯಾಣ ಆರ್‌ಟಿಓದ ಎಂಎಚ್ 05 ನಂಬರು, ಶೋರೂಮಿನಿಂದ ಬಂದಾಗ ಹೇಗಿತ್ತೋ ಇವತ್ತಿಗೂ ಹಾಗೆಯೇ ಇದೆ. ಒಂದು ಸ್ಟಿಕ್ಕರು ಕೂಡ ಹೆಚ್ಚಿಗೆ ಅಂಟಿಸಿಲ್ಲ. ಎಂಜಿನ್ನಿಗೆ ಕೆಮ್ಮಿಲ್ಲ, ಬಾಡಿಗೆ ತುಕ್ಕಿಲ್ಲ. ಆದರೆ ಹಂಪು ದಾಟಿದ ಮೇಲೂ ಗಾಡಿ ಹಂಪನ್ನು ಮರೆಯುವುದಿಲ್ಲ.

"ಹ್ವಾಯ್, ಹೊಂಡ ಹಿಂದೆ ಹೋಯ್ತ್, ನಾನಿನ್ನೂ ಹಾರ್ತಾ ಇದ್ದೆ" ಎಂದು ಹಿಂದಿನ ಸೀಟಿನಿಂದ ಹೆಂಡತಿ ವರದಿ ಕೊಟ್ಟ ದಿನ ಶಾಕರ್ ಬದಲಿಸುವುದೆಂದು ತೀರ್ಮಾನವಾಯಿತು.

ಹಂಪಿನ ವಿಷಯದಲ್ಲಿ ಯಜಮಾನರಿಗೆ ಹಳೆಯ ಸಿಟ್ಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿಲೋಮೀಟರಿನಲ್ಲಿ ಬಂದ ಗಾಡಿ ಮೆಲ್ಲಗೆ ಏರಿ ಇಳಿಯಬೇಕು. ಗಲ್ಲಿಯ ಹಂಪುಗಳನ್ನು ಕಟ್ಟಿದವರು ಎತ್ತರವನ್ನು ಧಾರಾಳವಾಗಿ ಕೊಟ್ಟು ಅಗಲದಲ್ಲಿ ಸಿಮೆಂಟು ಉಳಿಸಿದ್ದಾರೆ.

ಮನೆಯಲ್ಲಿ ಹುಡುಗಿ ಇದ್ದಾಳೆಂದು ಗೊತ್ತಾದರೆ ಜಾತಕಗಳು ತಾವಾಗಿಯೇ ಬರುವುದುಂಟಲ್ಲ, ಶಾಕರ್ ಬೇಕೆಂದು ಗೊತ್ತಾದದ್ದೇ ತಡ, ಸಲಹೆಗಳು ಬಂದವು. ಖಾರ್‌ಘರಿನಲ್ಲಿರುವ ಸೋದರಳಿಯನದ್ದು ಮೊದಲನೆಯದು. ಅವನು ಭಾನುವಾರ ಕೆಸರು ಹುಡುಕಿಕೊಂಡು ಗಾಡಿ ಓಡಿಸುವ ಜಾತಿ. "ಮಾವ, ಮೊನೊಟ್ಯೂಬ್ ಗ್ಯಾಸ್ ಹಾಕಿ, ಹಾಗೇ ಎರಡಿಂಚು ಎತ್ತರಿಸಿ ಬಿಡಿ" ಎಂದ. ಒಂದೇ ಕೊಳವೆಯೊಳಗೆ ಒಂದು ಕಡೆ ಎಣ್ಣೆ, ತೇಲುವ ಪಿಸ್ಟನ್ನಿನಾಚೆ ಭಾರೀ ಒತ್ತಡದ ನೈಟ್ರೋಜನ್; 1950ರ ದಶಕದಲ್ಲಿ ಫ್ರಾನ್ಸಿನ ದ ಕಾರ್ಬೋನ್ ರೂಪಿಸಿದ ಈ ಏರ್ಪಾಡನ್ನು ಜರ್ಮನಿಯ ಬಿಲ್‌ಸ್ಟೈನ್ ಕಂಪನಿ ತಯಾರಿಸಿ ಹೆಸರು ಮಾಡಿತು. ಹೊಂಡದ ಮೇಲೆ ಹೊಂಡ ಬಂದು ಎಣ್ಣೆ ಕಾದರೂ ಅದರಲ್ಲಿ ನೊರೆ ಏಳುವುದಿಲ್ಲ. ಕೇಳಿ ಯಜಮಾನರಿಗೂ ಆಸೆಯಾಯಿತು. ಬೆಲೆ ಕೇಳಿ ಅರ್ಧ ಇಳಿಯಿತು. ಉಳಿದರ್ಧವನ್ನು ಕಾನೂನು ಇಳಿಸಿತು: ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿಬಿಟ್ಟಿದೆ. ಹದಿನೈದು ವರ್ಷಕ್ಕೆ ಆರ್‌ಸಿ ನವೀಕರಣಕ್ಕೆ ಹೋಗಬೇಕಾದ ಗಾಡಿಯನ್ನು ಎರಡಿಂಚು ಎತ್ತರಿಸಿ ಆರ್‌ಟಿಓ ಮುಂದೆ ನಿಲ್ಲಿಸುವ ಎದೆಗಾರಿಕೆ ಯಜಮಾನರಿಗಿಲ್ಲ. ಅಲ್ಲದೆ, ಅವರ ಅತ್ತೆಗೆ ಈಗಿನ ಎತ್ತರಕ್ಕೇ ಕಾಲುಮಣೆ ಬೇಕು.

ಡೊಂಬಿವಲಿಯ ಭಾವನ ಸಲಹೆ ಇನ್ನೊಂದು ತುದಿಯದು. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಗುಡ್ಡೆ ಬಿದ್ದಿರುತ್ತವೆ, ಅರ್ಧ ರೇಟಿಗೆ ತರೋಣ ಎಂದರು. ಡೋರಿನ ಹಿಡಿಕೆಯನ್ನೋ ಕನ್ನಡಿಯನ್ನೋ ಹಾಗೆ ತರಬಹುದು. ಸವೆದ ಶಾಕರ್ ಕಿತ್ತು ಇನ್ನೊಬ್ಬರು ಸವೆಸಿದ್ದನ್ನು ಹಾಕಿಸುವುದರಲ್ಲಿ ಏನು ಉಳಿತಾಯವೋ, ಭಾವನಿಗೇ ಗೊತ್ತು.

ಕಲ್ಯಾಣದಲ್ಲಿ ಹೋಟೆಲು ನಡೆಸುವ ಊರಿನವರೊಬ್ಬರು ಹೇಳಿದ್ದು ಮಾತ್ರ ಮೊದಲಿಗೆ ಸರಿ ಅನ್ನಿಸಿತು. "ಊರಿಗೆ ಹೋಗಿ ಬರುವ ಗಾಡಿ ಮಾರಾಯ್ರೆ, ಗಟ್ಟಿದು ಹಾಕಿ, ಹಿಂದೆ ಜಗ್ಗಬಾರದು." ಊರಿಂದ ಮರಳುವಾಗ ಈ ಬೊಲೆರೊ ತರುವುದು ಸಾಮಾನ್ಯ ಹೊರೆಯಲ್ಲ. ಕುಚ್ಚಲಕ್ಕಿ ಮೂಟೆ, ಸುಲಿದ ತೆಂಗಿನಕಾಯಿ, ಎರಡು ಹಲಸಿನಹಣ್ಣು, ಉಪ್ಪಿನಕಾಯಿ ಭರಣಿ. ಜೊತೆಗೆ ಮುಂಬೈ–ಗೋವಾ ಹೆದ್ದಾರಿ. ಪನ್ವೇಲ್‌ನಿಂದ ಇಂದಾಪುರದವರೆಗಿನ 84 ಕಿಲೋಮೀಟರಿನ ಅಗಲೀಕರಣ 2011ರಲ್ಲಿ, ಅಂದರೆ ಈ ಗಾಡಿ ಹುಟ್ಟಿದ ವರ್ಷವೇ, ಶುರುವಾದದ್ದು. ಗಾಡಿಯ ಆಯುಷ್ಯ ಅದರ ಹೊಂಡಗಳಲ್ಲೇ ಸವೆಯಿತು.

ಗೋವೇಲಿ ರಸ್ತೆಯ ಮೆಕ್ಯಾನಿಕ್ ಇದನ್ನು ಕೇಳಿ ನಕ್ಕ. ಗಾಡಿಯಡಿ ನುಸುಳಿ ಹಿಂದಿನ ಪಾಟಾ, ಅಂದರೆ ಲೀಫ್ ಸ್ಪ್ರಿಂಗು, ತೋರಿಸಿದ. "ಕಾಕಾ, ಅಕ್ಕಿಮೂಟೆ ಹೊರೋದು ಇದು. ಜಗ್ಗಿದರೆ ಇದರ ತಪ್ಪು. ಶಾಕರಿನ ಮೇಲೆ ಯಾಕೆ ಹಾಕ್ತೀರಿ?"

ಅವನು ಹೇಳಿದ್ದು ನಿಜ. ಬೊಲೆರೊದ ಮುಂದುಗಡೆ ಕಾಯಿಲ್ ಸ್ಪ್ರಿಂಗು, ಹಿಂದುಗಡೆ ಪಾಟಾ, ಭಾರವೆಲ್ಲ ಅವುಗಳದ್ದು. ಹೊಂಡಕ್ಕೆ ಬಿದ್ದ ಸ್ಪ್ರಿಂಗು ಕುಣಿಯತೊಡಗಿದರೆ ಆ ಕುಣಿತವನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕರಿನ ಉದ್ಯೋಗ. ಕೊಳವೆಯೊಳಗಿನ ಪಿಸ್ಟನ್ನು ಎಣ್ಣೆಯನ್ನು ಕಿರಿದಾದ ರಂಧ್ರಗಳಲ್ಲಿ ನುಗ್ಗಿಸುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಬೇಕೆಂದೇ ಗಡುಸಾದದ್ದು ಹಾಕಿದರೆ ಮೂಟೆಯಿಲ್ಲದ ದಿನ, ಅಂದರೆ ವರ್ಷದ ಹೆಚ್ಚಿನ ದಿನ, ಹೊಂಡದ ಪೆಟ್ಟು ನೇರ ಬೆನ್ನಿಗೆ. ಬೊಲೆರೊದ ಕೊನೆಯ ಸಾಲಿನಲ್ಲಿ ಎದುರುಬದುರಾಗಿ ಅಡ್ಡ ಕೂರುವವರಿಗಂತೂ ಸೊಂಟಕ್ಕೆ.

ಕಡೆಗೆ ಕಂಪನಿ ಕೊಟ್ಟ ಮಾದರಿಯದ್ದೇ ಸಾದಾ ಶಾಕರು, ನಾಲ್ಕೂ ಹೊಸದು ಎಂದಾಯಿತು. ಬಲಗಡೆ ಮುಂದಿನದೊಂದೇ ಎಣ್ಣೆ ಸೋರುತ್ತಿತ್ತು. ಆದರೆ ಒಂದನ್ನೇ ಬದಲಿಸಿದರೆ ಬ್ರೇಕ್ ಹಾಕಿದಾಗ ಒಂದು ಪಕ್ಕ ಒಂದು ನಮೂನೆ, ಇನ್ನೊಂದು ಪಕ್ಕ ಇನ್ನೊಂದು ನಮೂನೆ. ಜೋಡಿಯಾಗಿಯೇ ಹಾಕಬೇಕು. ಈ ನೀರಸ ತೀರ್ಮಾನಕ್ಕೆ ಸ್ವಲ್ಪ ಗೌರವ ತರಲು ಯಜಮಾನರು ಸೋದರಳಿಯನಿಗೆ ಫೋನಿನಲ್ಲಿ ಚರಿತ್ರೆ ಹೇಳಿದರು: ಗೇಬ್ರಿಯಲ್ ಇಂಡಿಯಾ 1961ರಲ್ಲಿ ಶುರುವಾದದ್ದು ನಮ್ಮ ಮುಲುಂಡಿನಲ್ಲಿ, ನಮ್ಮದೇ ಸೆಂಟ್ರಲ್ ಲೈನಿನ ಸರಕು. ಜರ್ಮನಿಗೆ ಹೋಗುವ ಅಗತ್ಯವೇನು?

ಜೋಡಿಸುವುದನ್ನು ನೋಡಲು ಸ್ಟೂಲು ಹಾಕಿಕೊಂಡು ಕೂತರು. ಕಿತ್ತ ಶಾಕರಿನ ದಂಡ ಬೆರಳಲ್ಲಿ ಒತ್ತಿದರೆ ಸುಮ್ಮನೆ ಒಳಗೆ ಹೋಯಿತು, ಮರಳಿ ಬರುವ ಉತ್ಸಾಹವಿರಲಿಲ್ಲ. ಹೊಸತನ್ನು ಮೆಕ್ಯಾನಿಕ್ ನೆಟ್ಟಗೆ ನಿಲ್ಲಿಸಿ ನಾಲ್ಕಾರು ಸಲ ಎಳೆದು ಒತ್ತಿದ; ಮಲಗಿಸಿಟ್ಟ ಜೋಡಿ ಕೊಳವೆಯ ಶಾಕರಿನಲ್ಲಿ ಗಾಳಿ ಸೇರಿರುತ್ತದೆ, ಅದು ಹೋಗಬೇಕು. ಬೋಲ್ಟುಗಳನ್ನು ಕೈಬಿಗಿ ಮಾಡಿ ಗಾಡಿಯನ್ನು ಜ್ಯಾಕಿನಿಂದ ನೆಲಕ್ಕಿಳಿಸಿದ. ಆಮೇಲೆ ಪಾನಾ ಹಿಡಿದು ಅಡಿಗೆ ಹೋಗಿ ಪೂರ್ತಿ ಬಿಗಿದ. ಚಕ್ರ ನೇತಾಡುವಾಗಲೇ ಬಿಗಿದರೆ, ಗಾಡಿ ನೆಲ ಮುಟ್ಟುತ್ತಲೇ ರಬ್ಬರ್ ಬುಷ್ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಇಷ್ಟು ದಿನದ ಸಲಹೆಗಾರರಲ್ಲಿ ಬುಷ್ ಎಂಬ ಪದ ಉಚ್ಚರಿಸಿದವರು ಒಬ್ಬರೂ ಇರಲಿಲ್ಲ. ಹೊಂಡಕ್ಕೆ ಬಿದ್ದಾಗ ಗಾಡಿ ಕಟಕಟ ಎನ್ನುತ್ತಿದ್ದುದರಲ್ಲಿ ಅರ್ಧ ಪಾಲು ಆ ಬುಷ್ಷಿನದು.

ಹೆಂಡತಿ ಈಗ ಹೊಂಡದಷ್ಟೇ ಹೊತ್ತು ಹಾರುತ್ತಾರೆ. ತಕರಾರಿರುವುದು ಹಳೆಯ ನಾಲ್ಕು ಶಾಕರುಗಳ ಬಗ್ಗೆ. ಯಜಮಾನರು ಅವನ್ನು ಪೇಪರಿನಲ್ಲಿ ಸುತ್ತಿ ಬಾಲ್ಕನಿಯಲ್ಲಿಟ್ಟು, ಒಳಗೆ ಗ್ಯಾಸಿನ ಒತ್ತಡ ಉಳಿದಿರಬಹುದು, ಗರಗಸ ಹಾಕಬೇಡ, ಬೆಂಕಿಗೆ ಹಿಡಿಯಬೇಡ ಎಂದು ಭಂಗಾರ್‌ವಾಲಾನಿಗೆ ದ ಕಾರ್ಬೋನನಿಂದ ಆರಂಭಿಸಿ ತಿಳಿಹೇಳಿದರು. ಅವನು ತಾಳ್ಮೆಯಿಂದ ಪೂರ್ತಿ ಕೇಳಿ, ತಕ್ಕಡಿಗೆ ಕೊಂಡಿ ಸಿಕ್ಕಿಸಿ, "ಎಣ್ಣೆಯ ತೂಕ ಕಳೀತೀನಿ ಸಾಬ್" ಎಂದ.