ಅಜ್ಜನ ಪುಸ್ತಕವನ್ನು ವಿಕಿಸೋರ್ಸ್‌ಗೆ ಏರಿಸುವ ಕ್ರಮ: ಬಳಕೆದಾರರ ಕೈಪಿಡಿ

ಕೆಲಸ ಶುರು ಮಾಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದುವುದಿಲ್ಲವೆಂದು ನಮಗೂ ಗೊತ್ತು. ಏನಾದರೂ ಕೆಟ್ಟ ಮೇಲೆ ಹುಡುಕಿಕೊಂಡು ಬರುತ್ತೀರಿ, ಆಗಲೂ ಇದು ಇಲ್ಲೇ ಇರುತ್ತದೆ.

ಬೇಕಾಗುವ ಸಾಮಗ್ರಿ: ಹಳೆಯ ಪುಸ್ತಕ ಒಂದು, ಕಂಪ್ಯೂಟರ್ ಒಂದು, ಯುನಿಕೋಡ್‌ನಲ್ಲಿ ಕನ್ನಡ ಟೈಪಿಸುವ ಅಭ್ಯಾಸ, ಹೊಸ ನಂಬರಿನ ಕನ್ನಡಕ. ಇವುಗಳ ಜೊತೆಗೆ, ನಿಮ್ಮ ಸಾಹಿತ್ಯಪ್ರತಿಭೆಯನ್ನು ಸದ್ಯಕ್ಕೆ ಇಟ್ಟು ಬೀಗ ಹಾಕಲು ಒಂದು ಬೀರು. ಕೊನೆಯದಿಲ್ಲದೆ ಉಳಿದವು ಯಾವುವೂ ಕೆಲಸಕ್ಕೆ ಬರುವುದಿಲ್ಲ.

ಪುಸ್ತಕದ ಆಯ್ಕೆ

ವಿಕಿಸೋರ್ಸ್ ಒಂದು ಗ್ರಂಥಾಲಯ. ಈಗಾಗಲೇ ಅಚ್ಚಾಗಿ ಹಕ್ಕುಸ್ವಾಮ್ಯದ ಅವಧಿ ಮುಗಿದ, ಇಲ್ಲವೇ ಹಕ್ಕುದಾರರೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟ ಪುಸ್ತಕಗಳಿಗಾಗಿ ಇರುವ ಜಾಗ. ನಿಮ್ಮ ಅಪ್ರಕಟಿತ ಹನಿಗವನಗಳಿಗೆ ಇಲ್ಲಿ ಕಪಾಟಿಲ್ಲ. ‘ಒಂದೇ ಒಂದು ಹಾಕಲಾ?’ ಎಂದು ಕೇಳುವವರಿಗೂ ಇದೇ ಉತ್ತರ.

ಪುಸ್ತಕಕ್ಕೆ ಬಿಡುಗಡೆಯಾಗಿದೆಯೋ ಇಲ್ಲವೋ ತಿಳಿಯಲು ಅದರ ಬಣ್ಣ, ವಾಸನೆ ನೋಡಬೇಡಿ, ಲೇಖಕರು ತೀರಿಕೊಂಡ ಇಸವಿ ನೋಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಎಣಿಸಬೇಕು. ಮೊದಲು 50 ಇತ್ತು, 1992ರಲ್ಲಿ ಹತ್ತು ಸೇರಿಸಿದರು. ಪಂಜೆ ಮಂಗೇಶರಾಯರು 1937ರಲ್ಲಿ ಹೋದರು, ಕೈಲಾಸಂ 1946ರಲ್ಲಿ. ಇವರ ಪುಸ್ತಕಗಳಿಗೆ ಧೈರ್ಯವಾಗಿ ಕೈಹಾಕಬಹುದು. ಗೋವಿಂದ ಪೈ, ತ್ರಿವೇಣಿ ಇಬ್ಬರೂ 1963ರಲ್ಲಿ ತೀರಿಕೊಂಡವರು. ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದದ್ದು 2024ರ ಜನವರಿ 1ಕ್ಕೆ ಬಿಡುಗಡೆಯಾಯಿತು. ಲೇಖಕರು ಹೋದ ಮೇಲೆ ಮೊದಲ ಸಲ ಅಚ್ಚಾದ ಪುಸ್ತಕಕ್ಕೆ ಅಚ್ಚಾದ ವರ್ಷದಿಂದ ಲೆಕ್ಕ. ಇದನ್ನು ಮರೆಯುವವರೇ ಹೆಚ್ಚು. ಡಿವಿಜಿಯವರಿಗೆ 2036ರವರೆಗೆ ಕಾಯಬೇಕು, ಮಾಸ್ತಿಯವರಿಗೆ 2047, ಕುವೆಂಪು ಅವರಿಗೆ 2055. ‘ಅವರ ಪುಸ್ತಕದ ಪಿಡಿಎಫ್ ವಾಟ್ಸಾಪಿನಲ್ಲಿ ಬಂದಿತ್ತಲ್ಲ’ ಎಂಬ ಮಾತಿಗೆ ಕಾಯ್ದೆಯಲ್ಲಿ ಯಾವ ಕಲಮೂ ಇಲ್ಲ.

ಅಜ್ಜ ತೀರಿಕೊಂಡು ಅರವತ್ತು ವರ್ಷ ಆಗಿಲ್ಲವೆಂದರೆ ಹಕ್ಕು ವಾರಸುದಾರರದು. ಎಲ್ಲರ ಒಪ್ಪಿಗೆ ಬೇಕು. ಅಟ್ಟದ ಮೇಲೆ ಪ್ರತಿಗಳಿಗೆ ಗೆದ್ದಲು ಹಿಡಿದಾಗ ತಿರುಗಿ ನೋಡದ ಚಿಕ್ಕಪ್ಪ, ಸಹಿ ಹಾಕಿ ಎಂದ ಕೂಡಲೇ ‘ಅಪ್ಪನ ಪುಸ್ತಕ ಅಂದರೆ ಸುಮ್ಮನೆಯಾ? ಯಾರಾದರೂ ಸಿನಿಮಾ ಮಾಡಿದರೆ?’ ಎನ್ನುತ್ತಾರೆ. ಪುಸ್ತಕ ಹುಲ್ಲಿನ ಬಣವೆಗೆ ಬರುವ ರೋಗಗಳ ಬಗ್ಗೆ ಇದ್ದರೂ ಹೀಗೇ ಕೇಳುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನೇ 2014ರಲ್ಲಿ ಮುಕ್ತ ಪರವಾನಗಿಗೆ ಕೊಟ್ಟಿತು ಎಂದು ಹೇಳಿ ನೋಡಿ. ಆಗಲಿಲ್ಲವೆಂದರೆ ಚಿಕ್ಕಮ್ಮನ ಕಡೆಯಿಂದ ಹೇಳಿಸಿ.

ಸ್ಕ್ಯಾನ್

ಪುಟ ನೇರವಾಗಿರಲಿ, 300 ಡಿಪಿಐ ಇರಲಿ, ನಿಮ್ಮ ಹೆಬ್ಬೆರಳು ಚಿತ್ರದೊಳಗೆ ಬಾರದಿರಲಿ. ಖಾಲಿ ಪುಟ, ಬೆಲೆ ಹಾಕಿರುವ ಹಿಂಬದಿ ರಟ್ಟು, ಯಾವುದನ್ನೂ ಬಿಡಬೇಡಿ. ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ವಿಕಿಯ ಕಡತ ಭಂಡಾರವಾದ ಕಾಮನ್ಸ್‌ಗೆ ಏರಿಸಿ, ವಿಕಿಸೋರ್ಸ್‌ನಲ್ಲಿ ಅದಕ್ಕೊಂದು ಸೂಚಿಪುಟ ತೆರೆಯಿರಿ. ಇಷ್ಟು ಸಾಕು.

ಅಕ್ಷರ ಇಳಿಸುವುದು

ಈಗ ಪರದೆಯಲ್ಲಿ ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಪಠ್ಯದ ಖಾನೆ. ಚಿತ್ರ ನೋಡಿ ಅಕ್ಷರ ಗುರುತಿಸುವ ಒಸಿಆರ್ ಎಂಬ ಯಂತ್ರ ಆ ಖಾನೆಯನ್ನು ತುಂಬಿಕೊಡುತ್ತದೆ. ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ. ನಂಬಬೇಡಿ.

ಮಕಾರವೂ ಕೊಂಬು ಹಚ್ಚಿದ ವಕಾರವೂ ಈ ಯಂತ್ರದ ಕಣ್ಣಿಗೆ ಒಂದೇ. ಆದ್ದರಿಂದ ‘ಮತ್ತು’ ಎಂದಿದ್ದ ಕಡೆಯೆಲ್ಲ ‘ವುತ್ತು’ ಎಂದಿರುತ್ತದೆ, ‘ಮಗು’ ‘ವುಗು’ ಆಗಿರುತ್ತದೆ. ಓದುತ್ತ ಹೋದರೆ ಕಣ್ಣು ತಾನಾಗಿಯೇ ತಿದ್ದಿಕೊಂಡು ಮುಂದೆ ಸರಿಯುತ್ತದೆ. ಚೆನ್ನಾಗಿ ಕನ್ನಡ ಬಲ್ಲವರೇ ಇಲ್ಲಿ ಹೆಚ್ಚು ತಪ್ಪು ಬಿಡುವುದು. ಅಕ್ಷರ ಕೂಡಿಸಿ ಓದುವ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಅಜ್ಜಾ, ವುಗು ಅಂದರೇನು?’ ಎಂದು ಅವಳು ಕೇಳುತ್ತಾಳೆ, ನೀವು ಕೇಳುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ತಪ್ಪು. ಕನ್ನಡದ ಅಂಕಿ ಸೊನ್ನೆಯೂ ಅಕ್ಷರದ ಪಕ್ಕದ ಸೊನ್ನೆಯೂ ನೋಡಲು ಅವಳಿಜವಳಿ. ‘ಬೆಂಗಳೂರು’, ‘ಬೆ೦ಗಳೂರು’ ಇವೆರಡರಲ್ಲಿ ಒಂದರ ಸೊನ್ನೆ ಅನುಸ್ವಾರ, ಇನ್ನೊಂದರದು ಅಂಕಿ. ಕಂಪ್ಯೂಟರಿನ ಲೆಕ್ಕದಲ್ಲಿ ಎರಡನೆಯದು ಊರೇ ಅಲ್ಲ. ‘ಬೆ’, ಆಮೇಲೆ ಪೂಜ್ಯ, ಆಮೇಲೆ ‘ಗಳೂರು’. ಹುಡುಕುವ ಖಾನೆಯಲ್ಲಿ ಬೆಂಗಳೂರು ಎಂದು ಹಾಕಿದವನಿಗೆ ನಿಮ್ಮ ಪುಟ ಸಿಗುವುದಿಲ್ಲ. ಅಂಕಿ ಒಂಬತ್ತೂ ಹೀಗೆಯೇ ಅರ್ಕಾವತ್ತಿನ ವೇಷದಲ್ಲಿ ಬಂದು ‘ಕನಾ೯ಟಕ’ ಎಂದು ಕೂರುತ್ತದೆ. ಇಡೀ ರಾಜ್ಯವನ್ನೇ ಹುಡುಕಾಟದಿಂದ ಮರೆ ಮಾಡಲು ಒಂದು ಒಂಬತ್ತು ಸಾಕು.

ಕೆಲವರು ಹತ್ತಿಪ್ಪತ್ತು ವರ್ಷದ ಹಿಂದೆ ಡಿಟಿಪಿಯವರ ಹತ್ತಿರ ಮಾಡಿಸಿದ ಫೈಲು ತರುತ್ತಾರೆ. ಅದು ಹಳೆಯ ‘ನುಡಿ’ ತಂತ್ರಾಂಶದ್ದೋ ಅಂಥದೇ ಯುನಿಕೋಡ್ ಅಲ್ಲದ ಇನ್ನೊಂದರದೋ ಆಗಿದ್ದರೆ, ತಂದು ಅಂಟಿಸಿದ ಕೂಡಲೇ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೀಟು, ಚುಕ್ಕಿ ಹಾಕಿದ ಸಾಲುಗಳು ಬಂದು ನಿಲ್ಲುತ್ತವೆ. ಪುಟದ ತುಂಬ ಬ್ರಿಟಿಷರ ಪೌಂಡಿನ ಗುರುತು ಕಂಡರೆ ಗಾಬರಿ ಬೇಡ, ಅದು ನಿಮ್ಮ ‘ನ’ಕಾರ. ಆ ಕಾಲದಲ್ಲಿ ಕನ್ನಡದ ಅಕ್ಷರಗಳನ್ನು ತುಂಡು ಮಾಡಿ ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗೆ ಇರಿಸಿದ್ದರು. ‘ನ’ಕಾರಕ್ಕೆ ಸಿಕ್ಕಿದ್ದು ಪೌಂಡಿನ ಮನೆ. ಪರಿವರ್ತಕಗಳಿವೆ, ಅವುಗಳಲ್ಲಿ ಹಾಕಿ ತೆಗೆಯಿರಿ. ತೆಗೆದ ಮೇಲೆ ಮತ್ತೆ ಮೊದಲ ಸಾಲಿನಿಂದ ಓದಿ.

ಒತ್ತಕ್ಷರಕ್ಕೂ ಒಂದು ಕಾಣದ ಕೀಲಿ ಇದೆ. ರಾಜ್‌ಕುಮಾರ್ ಎಂದು ಟೈಪಿಸಹೊರಟವರ ಕೈಯಲ್ಲಿ ರಾಜ್ಕುಮಾರ್ ಹುಟ್ಟುತ್ತಾರೆ. ನಡುವೆ ಅಗಲವೇ ಇಲ್ಲದ ಒಂದು ಅಕ್ಷರ ಹಾಕಿದರೆ ಮಾತ್ರ ಜಕಾರದ ಕಾಲಿಗೆ ಕಕಾರ ಜೋತು ಬೀಳುವುದಿಲ್ಲ. ರ‍್ಯಾಂಕ್ ಬಂದ ವಿದ್ಯಾರ್ಥಿಗೂ ಇಂಥದೇ ಇನ್ನೊಂದು ಬೇಕು, ಇಲ್ಲದಿದ್ದರೆ ಅವನು ರ್ಯಾಂಕ್ ಬಂದವನಾಗುತ್ತಾನೆ. ಹಳಗನ್ನಡದ ಪುಸ್ತಕವಾದರೆ ಱ, ೞ ಎರಡೂ ಬೇಕಾಗುತ್ತವೆ. ಸಿಗಲಿಲ್ಲವೆಂದು ರ, ಳ ಹಾಕಿ ಮುಗಿಸಬೇಡಿ, ಯುನಿಕೋಡ್‌ನಲ್ಲಿ ಅವೂ ಇವೆ. ತಮಾಷೆಯೆಂದರೆ, ೞ ಅಕ್ಷರಕ್ಕೆ ಯುನಿಕೋಡ್‌ನವರು ಇಟ್ಟಿರುವ ಅಧಿಕೃತ ಹೆಸರು ‘ಫ’. ಯಾರೋ ತಪ್ಪು ಮಾಡಿದರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಅವರದೇ ಆದ್ದರಿಂದ ಹೆಸರು ಹಾಗೇ ಉಳಿದು, ಪಕ್ಕದಲ್ಲೊಂದು ತಿದ್ದುಪಡಿ ಸೇರಿದೆ. ಜಗತ್ತಿನ ಲಿಪಿಗಳನ್ನೆಲ್ಲ ಕಾಯುವವರಿಗೇ ಹೀಗಾದರೆ ಅಜ್ಜನ ಊರಿನ ಅಚ್ಚುಮೊಳೆ ಜೋಡಿಸುವವನ ಮೇಲೆ ಯಾಕೆ ಸಿಟ್ಟು?

ಅಂದಚಂದ

ಇಸ್ಕೂಲಿನಲ್ಲಿ ಪ್ಯಾರಾ ಶುರುವಾಗುವಾಗ ಒಂದು ಬೆರಳು ಜಾಗ ಬಿಡಬೇಕೆಂದು ಕಲಿಸಿದ್ದಾರೆ. ಅದನ್ನು ಇಲ್ಲಿ ಮರೆಯಿರಿ. ವಿಕಿಯಲ್ಲಿ ಸಾಲಿನ ಮೊದಲು ಒಂದು ಸ್ಪೇಸ್ ಬಿಟ್ಟರೆ ಆ ಪ್ಯಾರಾ ಒಂದು ಚೌಕಟ್ಟಿನೊಳಗೆ ಸೇರಿಕೊಂಡುಬಿಡುತ್ತದೆ. ಹೊಸ ಪ್ಯಾರಾ ಬೇಕೆಂದರೆ ನಡುವೆ ಒಂದು ಸಾಲು ಖಾಲಿ ಬಿಡಿ. ಒಂದೇ ಸಲ ಎಂಟರ್ ಒತ್ತಿದರೆ ಎರಡೂ ಸಾಲು ಕೂಡಿಕೊಳ್ಳುತ್ತವೆ. ಗದ್ಯಕ್ಕೆ ಇದರಿಂದ ಅನುಕೂಲವೇ. ಷಟ್ಪದಿಗೆ ಮಾತ್ರ ಅಪಾಯ: ಕವಿ ಮಾತ್ರೆ ಎಣಿಸಿ ನಿಲ್ಲಿಸಿದ ಆರು ಸಾಲು ಒಂದೇ ಸಾಲಾಗಿ ಸರ್ಕಾರಿ ಸುತ್ತೋಲೆಯಂತೆ ಓದಿಸಿಕೊಳ್ಳುತ್ತದೆ. ಪದ್ಯಕ್ಕೆಂದೇ ಬೇರೆ ಟ್ಯಾಗ್ ಇದೆ, ಅದರೊಳಗೆ ಹಾಕಿ.

ತಲೆಬರಹದ ಎರಡೂ ಪಕ್ಕ ಎರಡೆರಡು ಸಮ ಚಿಹ್ನೆ. ಕೆಂಪು, ನೀಲಿ, ನೆರಳು ಬಿದ್ದ ದಪ್ಪ ಅಕ್ಷರ ಯಾವುದೂ ಬೇಡ. ಪುಟಸಂಖ್ಯೆ, ಪುಟದ ನೆತ್ತಿಯ ಮೇಲಿನ ಪುಸ್ತಕದ ಹೆಸರು ಇವಕ್ಕೆ ಮೇಲೊಂದು ಬೇರೆ ಖಾನೆಯಿದೆ. ಅಲ್ಲಿ ಹಾಕದೆ ಪಠ್ಯದೊಳಗೇ ಬಿಟ್ಟರೆ, ಪುಟಗಳನ್ನೆಲ್ಲ ಪೋಣಿಸಿದಾಗ ನಾಯಕಿ ಬಾವಿಕಟ್ಟೆಯ ಮೇಲೆ ನಿಂತು ‘ಇನ್ನು ನಾನು ಬದುಕಿ’ ಎಂದವಳು ‘47’ ಎಂದು ‘ಪ್ರಯೋಜನವಿಲ್ಲ’ ಎನ್ನುತ್ತಾಳೆ. ಲೇಖಕರ ಹೆಸರಿನ ಹಿಂದೆ ಶ್ರೀ, ಡಾ., ದಿವಂಗತ ಯಾವುದೂ ಬೇಡ. ಗೌರವ ಕಡಿಮೆಯಾಯಿತೆಂದು ಅಜ್ಜ ಎದ್ದು ಬರುವುದಿಲ್ಲ. ಪುಟದ ಕೆಳಗೆ ನಿಮ್ಮ ಹೆಸರು, ಫೋನ್ ನಂಬರು ಬರೆಯಬೇಡಿ. ಯಾರು ಯಾವಾಗ ಏನು ಮಾಡಿದರೆಂಬುದು ಇತಿಹಾಸದ ಪುಟದಲ್ಲಿ ತಾನಾಗಿ ದಾಖಲಾಗುತ್ತದೆ, ಅಳಿಸಿದ್ದು ಕೂಡ. ಆಗಾಗ ಉಳಿಸಿ. ಕರೆಂಟಿಗೆ ನಿಮ್ಮ ಅಜ್ಜನ ಪರಿಚಯವಿಲ್ಲ.

ಎಚ್ಚರಿಕೆ: ತಿದ್ದಬೇಡಿ

ಬೀರು ಬೇಕೆಂದು ಮೊದಲೇ ಹೇಳಿದ್ದು ಇದಕ್ಕೆ. ಯಂತ್ರ ಮಾಡಿದ ತಪ್ಪನ್ನು ತಿದ್ದುವುದು ನಿಮ್ಮ ಕೆಲಸ. ಅಚ್ಚಿನ ಮನೆ ಮಾಡಿದ ತಪ್ಪನ್ನು, ಅಜ್ಜ ಮಾಡಿದ ತಪ್ಪನ್ನು ಮುಟ್ಟುವ ಹಾಗಿಲ್ಲ. ಹಳೆಯ ಪುಸ್ತಕದಲ್ಲಿ ‘ಕರ್ಣಾಟಕ’ ಎಂದಿದ್ದರೆ ಕರ್ಣಾಟಕವೇ, ‘ಧರ್ಮ್ಮ’ ಎಂದಿದ್ದರೆ ಎರಡು ಮಕಾರದ ಧರ್ಮ್ಮವೇ. ವಾಕ್ಯ ಉದ್ದವಾಯಿತೆಂದು ತುಂಡು ಮಾಡಬೇಡಿ. ಅಲ್ಪವಿರಾಮ ಸಾಲದೆಂದು ಕೈಯಿಂದ ಹಾಕಬೇಡಿ. ನಿವೃತ್ತ ಕನ್ನಡ ಮೇಷ್ಟ್ರುಗಳಿಗೆ ಇದು ಬಹಳ ಕಷ್ಟ ಎಂದು ಬಲ್ಲೆವು. ಕೆಂಪು ಪೆನ್ನು ಹಿಡಿದ ಕೈ ಸುಮ್ಮನಿರುವುದಿಲ್ಲ. ತಡೆಯಲಾಗದವರಿಗೆ ‘ಮೂಲದಲ್ಲಿ ಹೀಗೆಯೇ ಇದೆ’ ಎಂದು ಗುರುತು ಹಾಕುವ ಸೌಲಭ್ಯ ಉಂಟು. ಅದನ್ನೂ ಸಾಲಿಗೊಂದರಂತೆ ಹಾಕಬೇಡಿ.

ಅಜ್ಜನನ್ನು ಪಂಪನಿಗೆ ಹೋಲಿಸಿದ ಮುನ್ನುಡಿಯನ್ನೂ ಟೈಪಿಸಬೇಕು. ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂಬ ಸಾಲನ್ನೂ ಟೈಪಿಸಬೇಕು, ಕಾದು ಕಾದು ಅವಧಿ ಮುಗಿದಿದ್ದರೂ. ಕೊನೆಯಲ್ಲಿರುವ ಕೂದಲೆಣ್ಣೆಯ ಜಾಹೀರಾತನ್ನೂ ಬಿಡಬೇಡಿ. ಮುಂದೆ ಯಾರೋ ಸಂಶೋಧಕರು ಬಂದು ಆ ಕಾದಂಬರಿ ಬಿಟ್ಟು ಎಣ್ಣೆಯನ್ನೇ ಓದುವ ಸಂಭವ ಇದ್ದೇ ಇದೆ.

ಸಲ್ಲಿಕೆ

ಪ್ರತಿ ಪುಟಕ್ಕೂ ಒಂದು ಬಣ್ಣ. ಇನ್ನೂ ನೋಡದ್ದು ಕೆಂಪು, ಖಾಲಿಯದ್ದು ಬೂದು, ಗೆದ್ದಲು ತಿಂದು ಓದಲಾಗದ್ದು ನೇರಳೆ. ನೀವು ಒಮ್ಮೆ ಪೂರ್ತಿ ಕರಡು ನೋಡಿದ ಮೇಲೆ ಹಳದಿ. ಬೇರೊಬ್ಬರು ಬಂದು ಇನ್ನೊಮ್ಮೆ ನೋಡಿ ಒಪ್ಪಿದರೆ ಹಸಿರು. ಹಳದಿ ಹಾಕಿದವರಿಗೆ ಹಸಿರಿನ ಗುಂಡಿ ಕಾಣಿಸುವುದೇ ಇಲ್ಲ. ಭಾವಮೈದುನನ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ನೀವೇ ಹಸಿರು ಒತ್ತುವ ಉಪಾಯ ಹೊಸದೇನಲ್ಲ. ಭಾವಮೈದುನನ ಟೈಪಿಂಗೂ ನಿಮ್ಮದೂ ಒಂದೇ ರೀತಿ ಇರುವುದನ್ನು ಜನ ಬೇಗ ಕಂಡುಹಿಡಿಯುತ್ತಾರೆ. ಅದಕ್ಕಿಂತ, ಯಾರದಾದರೂ ಹಳದಿ ಪುಟಗಳನ್ನು ನೀವು ನೋಡಿಕೊಡಿ. ನಿಮ್ಮದನ್ನು ಅವರು ನೋಡುತ್ತಾರೆ. ಈ ಗ್ರಂಥಾಲಯ ಈ ಕೊಡುಕೊಳ್ಳುವಿಕೆಯ ಮೇಲೆಯೇ ನಿಂತಿದೆ, ಸಂಬಳ ಯಾರಿಗೂ ಇಲ್ಲ.

ಇನ್ನು ಪುಸ್ತಕದ ಕಟ್ಟಕಡೆಯಲ್ಲಿರುವ ‘ತಪ್ಪು–ಒಪ್ಪುಗಳ ಪಟ್ಟಿ’. ಪುಟ ಇಷ್ಟು, ಸಾಲು ಇಷ್ಟು, ಹೀಗಿರುವುದನ್ನು ಹೀಗೆ ಓದಿಕೊಳ್ಳಿ ಎಂದು ಅಜ್ಜನೇ ಕೈಮುಗಿದಿರುತ್ತಾನೆ. ಹಾಗಾದರೆ ಒಳಗಿನ ಪುಟಗಳಲ್ಲಿ ತಿದ್ದಬಹುದೇ ಎಂದು ಎಲ್ಲರೂ ಇಲ್ಲಿ ಕೇಳುತ್ತಾರೆ. ಒಳಗೆ ತಪ್ಪು ಹಾಗೆಯೇ ಇರಲಿ, ಗುರುತು ಹಾಕಿ. ಪಟ್ಟಿಯೂ ಇದ್ದ ಹಾಗೇ ಇರಲಿ. ಆ ಪಟ್ಟಿಯಲ್ಲಿ ‘ತಪ್ಪು’ ಕಾಲಮ್ಮಿನ ಪದವೂ ‘ಒಪ್ಪು’ ಕಾಲಮ್ಮಿನ ಪದವೂ ಒಂದೇ ಆಗಿ ಅಚ್ಚಾಗಿರುವುದು ನಿಮಗೆ ಕಂಡೇ ಕಾಣುತ್ತದೆ. ಎರಡು ಕಡೆಯೂ ಅದನ್ನೇ ಟೈಪಿಸಿ ಹಳದಿ ಒತ್ತಿ.