ಸೆಕ್ರೆಟರಿ ಮಾಮನ ಬೀಡಿ ಕಿರ್ದಿ

ಬೀಡಿ ಬಿಡ್ತೀನಿ ಅನ್ನುವವರು ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾವ ಚಹಾದಂಗಡಿಯಲ್ಲಿ ಕೂತರೂ ಸಿಗುತ್ತಾರೆ. ಬಿಡುವ ಮೊದಲು ಪೂರ್ತಿ ಲೆಕ್ಕ ತೆಗೀಬೇಕು ಅನ್ನುವವನು ಮಾತ್ರ ಊರಿಗೊಬ್ಬ. ಹಗರಿಬೊಮ್ಮನಹಳ್ಳಿಯವನು ತಂಬಾಕಿನ ಖಾಲಿ ಚೀಟಿಗಳನ್ನು ಜೇಬಿಗಿಳಿಸಿ ರಾತ್ರಿ ಎಣಿಸುತ್ತಾನೆ. ಹಡಗಲಿಯವನು ಸ್ವಂತ ದುಡ್ಡಿನದಷ್ಟೇ ಎಣಿಸುತ್ತಾನೆ. ಬೇರೆಯವರು ಕೊಟ್ಟದ್ದು ಪ್ರಸಾದ, ಅದಕ್ಕೆಲ್ಲಿಯ ಲೆಕ್ಕ. ಹರಪನಹಳ್ಳಿಯವನದು ಜಿಲ್ಲಾವಾರು ಲೆಕ್ಕ: ಚಟ ಹತ್ತಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ದಿನಕ್ಕೊಂದು ಕಟ್ಟು ಆದದ್ದು 1997ರ ಮೇಲೆ ದಾವಣಗೆರೆ ಜಿಲ್ಲೆಯಲ್ಲಿ, ಕೆಮ್ಮು ಶುರುವಾಗುವ ಹೊತ್ತಿಗೆ ಮತ್ತೆ ಬಳ್ಳಾರಿ, ಎಕ್ಸ್‌ರೇ ತೆಗೆಸಿದ್ದು 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿ. ಇಷ್ಟು ಜಿಲ್ಲೆ ತಿರುಗಿದರೂ ಆಸಾಮಿ ಬಸ್‌ಸ್ಟ್ಯಾಂಡ್ ಎದುರಿನ ಬೆಂಚು ಬಿಟ್ಟು ಕದಲಿಲ್ಲ.

ಇವರೆಲ್ಲರ ಗುರು ಕೊಟ್ಟೂರಿನ ಸೆಕ್ರೆಟರಿ ಮಾಮ. ಸಹಕಾರ ಸಂಘದಲ್ಲಿ ಆಯುಷ್ಯವೆಲ್ಲ ಕಿರ್ದಿ, ಖಾತಾವಣಿ ಬರೆದು ನಿವೃತ್ತರಾದವರು. ಮನೆಗೆ ಬಂದ ಮೇಲೆ ಬರೆಯಲು ಏನೂ ಇಲ್ಲದೆ ಸೊರಗಿದ್ದರು. ಆಗ ಜಾತ್ರೆಗೆಂದು ಬೆಂಗಳೂರಿನಿಂದ ಬಂದ ತಂಗಿಯ ಮಗ ಮಂಡಕ್ಕಿ-ಮಿರ್ಚಿ ತಿನ್ನುತ್ತ ಸುದ್ದಿ ಬಿಟ್ಟ: "ಹೊರದೇಶದಾಗ ಕರೆಂಟಿನ ಸಿಗರೇಟು ಬಂದೈತಿ ಮಾಮ. ಬೆಂಕಿ ಇಲ್ಲ, ಬೂದಿ ಇಲ್ಲ."

"ಅದಿರ್ಲಿ. ಲೆಕ್ಕ ಹೆಂಗ?"

ಎಷ್ಟು ಸಲ ಎಳೆದೆ, ಒಂದೊಂದು ದಮ್ಮು ಎಷ್ಟು ಸೆಕೆಂಡು ಎಂದು ಕೆಲವು ಯಂತ್ರಗಳು ತಾವೇ ಬರೆದಿಡುತ್ತವೆ; ಕಂಪ್ಯೂಟರಿಗೆ ಹಚ್ಚಿದರೆ ಗ್ರಾಫೂ ಬರುತ್ತದೆ; ತುಂಬುವ ದ್ರವದ ಶೀಶೆಯ ಮೇಲೆ ಒಂದು ಮಿಲಿಗೆ ಇಷ್ಟು ಮಿಲಿಗ್ರಾಂ ನಿಕೋಟಿನ್ ಎಂದು ಅಚ್ಚಾಗಿರುತ್ತದೆ. 6 ಮಿಲಿಗ್ರಾಮಿನದು 2 ಮಿಲಿ ಮುಗಿದರೆ 12 ಖರ್ಚು. ಮಾಮನ ಕಣ್ಣು ತುಂಬಿ ಬಂದವು. ಇಡೀ ಜಾತ್ರೆ ಮುಗಿಯುವವರೆಗೆ ಅಳಿಯನ ಮೊಬೈಲಿನಲ್ಲಿ ಯಂತ್ರ ಆರಿಸುವುದೇ ಕೆಲಸ. ಇದರಾಗ ಹಿಂದಿನ ಶಿಲ್ಕು ತೋರಿಸ್ತೈತೇನು? ಮಾರ್ಚ್ 31ಕ್ಕ ಕ್ಲೋಸ್ ಮಾಡಬಹುದೇನು? ಬ್ಯಾಟರಿ ಹೋದರ ಲೆಕ್ಕ ಉಳೀತೈತೇನು? ರುಚಿಯ ವಿಚಾರ ಒಮ್ಮೆಯೂ ಕೇಳಲಿಲ್ಲ.

ಕೂಡ್ಲಿಗಿ ಕೋರ್ಟಿಗೆ ಓಡಾಡುವ ವಕೀಲರೊಬ್ಬರು ಇದಕ್ಕೆಲ್ಲ ತಣ್ಣೀರು ಹಾಕಿದರು. ಕರ್ನಾಟಕದಲ್ಲಿ ಇದು 2016ರಲ್ಲೇ ಬಂದ್. 2019ರಲ್ಲಿ ಇಡೀ ದೇಶಕ್ಕೇ ಕಾಯ್ದೆ ಆಯಿತು. ಹೊರಗಿನಿಂದ ತರಿಸಿದರೂ ಮಾರಿದರೂ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆದೀತು.

"ಅಲ್ರೀ ವಕೀಲ್ರ, ಲೆಕ್ಕ ಇಡೋ ಯಂತ್ರ ಬಂದ್, ಲೆಕ್ಕ ಇಲ್ಲದ ಬೀಡಿ ಚಾಲೂ! ಇದ್ಯಾವ ಆಡಿಟ್ಟು?"

ಕಾಯ್ದೆಯ ಬಗ್ಗೆ ನನ್ನ ತಕರಾರೇನಿಲ್ಲ. ಪೆನ್‌ಡ್ರೈವಿನ ಆಕಾರದಲ್ಲಿ ಮಾವಿನಹಣ್ಣಿನ ವಾಸನೆ ಬರುವ ವಸ್ತು ಹೈಸ್ಕೂಲ್ ಹುಡುಗರ ಚೀಲ ಸೇರುವುದು ಬೇಡವೇ ಬೇಡ. ಆದರೆ ಮಾಮನ ಪ್ರಶ್ನೆಗೆ ವಕೀಲರು ಉತ್ತರ ಕೊಡಲಿಲ್ಲ, ಚಹಾ ಕುಡಿದು ಎದ್ದರು.

ಮರುದಿನವೇ ಕೆಂಪು ರಟ್ಟಿನ ಉದ್ದನೆಯ ಬುಕ್ಕು ಬಂತು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಇಸಕೊಂಡ ಬೀಡಿ ಸಾಲದ ಖಾತೆಗೆ, ಕೊಟ್ಟ ಬೀಡಿ ಬರಬೇಕಾದ ಬಾಕಿಗೆ. ಪಕ್ಕದವರು ಬಿಟ್ಟ ಹೊಗೆ ಮೂಗಿಗೆ ಬಂದರೆ 'ಇತರೆ ಆದಾಯ'. ಒಂದು ಸಿಗರೇಟಿನ ತಂಬಾಕಿನಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು ನಿಕೋಟಿನ್ ಇದ್ದರೂ ಸೇದಿದವನ ಮೈಗೆ ಸೇರುವುದು ಒಂದೋ ಒಂದೂವರೆಯೋ ಎಂದು ಅಳಿಯ ಹೇಳಿದಾಗ ಮಾಮ ಕಿಂಚಿತ್ತೂ ಬೆರಗಾಗಲಿಲ್ಲ. "ಹತ್ತು ಮಂಜೂರು, ಕೈಗೆ ಮುಟ್ಟೋದು ಒಂದು. ನಮ್ಮ ಸಂಘದಾಗ ನೋಡಿಲ್ಲೇನು?"

ತೊಡಕಾದದ್ದು ಬೀಡಿಯಿಂದ. ಸಿಗರೇಟು ಮಿಷನ್ನಿನದು, ಎಲ್ಲ ಒಂದೇ ಅಳತೆ. ಬೀಡಿ ಹಾಗಲ್ಲ, ಮೊರ ತೊಡೆಯ ಮೇಲಿಟ್ಟುಕೊಂಡು ಸಾವಿರಕ್ಕಿಷ್ಟು ಎಂದು ಕಟ್ಟುವ ಹೆಣ್ಣುಮಕ್ಕಳ ಬೆರಳಿನ ಕೆಲಸ. ಒಂದು ಬಿಗಿ, ಒಂದು ಸಡಿಲ. ಮಾಮ ಒಂದು ಕಟ್ಟು ಬಿಚ್ಚಿ, ಕಾಗದದಲ್ಲಿ ಸುತ್ತಿಕೊಂಡು ಪತ್ತಾರರ ಅಂಗಡಿಗೆ ಹೋದರು. ಮಗಳ ಮದುವೆಗೆಂದು ಗುಂಡಿನ ಸರ ತೂಗಿಸುತ್ತಿದ್ದವರನ್ನು ಪಕ್ಕಕ್ಕೆ ಸರಿಸಿ, ಬಂಗಾರದ ತಕ್ಕಡಿಯ ಗಾಜಿನ ಬಾಗಿಲು ತೆಗೆಸಿ, ಒಂದೊಂದೇ ಬೀಡಿಯ ಎಲೆ ಬಿಡಿಸಿ ತಂಬಾಕು ತೂಗಿಸಿದರು. ಹೆಚ್ಚೂಕಡಿಮೆ ಕಾಲು ಗ್ರಾಂ. ಫ್ಯಾನ್ ತಿರುಗಿದರೆ ಅದರಲ್ಲೂ ಅರ್ಧ ಹಾರಿ ಸರದ ಮೇಲೆ ಕೂರುತ್ತಿತ್ತು. ಪತ್ತಾರರು ಕನ್ನಡಕ ಮೇಲೆತ್ತಿ ಕೇಳಿದರಂತೆ: "ವೇಸ್ಟೇಜ್ ಎಷ್ಟು ಹಿಡೀಲಿ ಮಾಮ?"

ರಕ್ತಕ್ಕೆ ಸೇರಿದ ನಿಕೋಟಿನ್ ಸುಮಾರು ಎರಡು ತಾಸಿಗೆ ಅರ್ಧಕ್ಕಿಳಿಯುತ್ತದೆ ಎಂದು ತಿಳಿದ ದಿನ ಮಾಮ ಹೊಸ ಕಾಲಮ್ಮು ಗೆರೆ ಹೊಡೆದರು: ಸವಕಳಿ. ಅದನ್ನು ಎರಡು ತಾಸಿಗೊಮ್ಮೆ ಬರೆಯಬೇಕಲ್ಲ, ರಾತ್ರಿಗೂ ಅಲಾರಾಂ ಇಟ್ಟರು. ಎದ್ದ ಮೇಲೆ ಸುಮ್ಮನೆ ಕೂರುವುದು ಹೇಗೆ, ಒಂದು ಹಚ್ಚುತ್ತಿದ್ದರು. ಅದೂ ಶಿಸ್ತಾಗಿ ದಾಖಲಾಗುತ್ತಿತ್ತು.

ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು "ದಿನಕ್ಕ ಎಷ್ಟು ಸೇದ್ತೀರಿ?" ಎಂದರೆ ನಮ್ಮ ಕಡೆ ಗಂಡಸರೆಲ್ಲರ ಉತ್ತರ "ಒಂದೆರಡ್ರಿ". ಮಾಮ ಕೆಂಪು ಬುಕ್ಕು ಮೇಜಿನ ಮೇಲಿಟ್ಟರು. ಡಾಕ್ಟರು ನಾಲ್ಕು ಪುಟ ತಿರುವಿ, ಬುಕ್ಕು ಮುಚ್ಚಿ, ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ ಎಂದರು. ಐದು ನಿಮಿಷದೊಳಗೆ. ಅದಕ್ಕೆ ಮೂರು ಅಂಕ. ಹೀಗೇ ಆರು ಪ್ರಶ್ನೆ. ಚಟ ಎಷ್ಟು ಬಲಿತಿದೆ ಎಂದು ಅಳೆಯುವ ಫಾಗರ್‌ಸ್ಟ್ರೋಮ್ ಪರೀಕ್ಷೆ, ಒಟ್ಟು ಹತ್ತು ಅಂಕಕ್ಕೆ. ಮಾಮನಿಗೆ ಎಂಟು ಬಂತು. ಬಜಾರದುದ್ದಕ್ಕೂ "ಡಿಸ್ಟಿಂಕ್ಷನ್" ಎಂದು ಹೇಳಿಕೊಂಡು ಮನೆಗೆ ಬಂದರು.

ಡಾಕ್ಟರು ಬರೆದುಕೊಟ್ಟ ನಿಕೋಟಿನ್ ಗಮ್ಮು ಮಾಮನಿಗೆ ಹಿಡಿಸಿತು: ಒಂದಕ್ಕೆ 2 ಮಿಲಿಗ್ರಾಂ, ಕಂಪನಿಯೇ ಬರೆದುಕೊಟ್ಟ ಲೆಕ್ಕ. ಸ್ವಲ್ಪ ಅಗಿದು ದವಡೆಯ ಸಂದಿಗೆ ಇಟ್ಟುಕೊಳ್ಳಬೇಕು ಎಂಬ ಸೂಚನೆಯನ್ನು ಅಡಿಕೆ-ತಂಬಾಕಿನ ಈ ಸೀಮೆಗೆ ಬಂದು ಹೇಳಿಕೊಡಬೇಕೇ! ಆದರೆ ಗಮ್ಮು ಬಾಯಲ್ಲಿದ್ದಾಗಲೂ ಅದಕ್ಕೆ ಕಾಲು ತಾಸು ಮೊದಲೂ ಚಹಾ, ಕಾಫಿ ಕುಡಿಯಬಾರದು. ಚಹಾದಂಗಡಿಯ ಬೆಂಚಿನ ಮೇಲೆ ಆ ಷರತ್ತು ಒಂದು ದಿನವೂ ಬಾಳಲಿಲ್ಲ.

ಕಡೆಗೆ ಆಡಿಟ್ ಮಾಡಿದವರು ಅತ್ತಿ. ಅವರು ಬೀಡಿ ಎಣಿಸಲಿಲ್ಲ, ಕಡ್ಡಿ ಎಣಿಸಿದರು. "ಬುಕ್ಕಿನಾಗ ಒಂಬತ್ತು ಬೀಡಿ ಐತಿ. ಪೆಟ್ಟಿಗೆಯಾಗ ಹದಿನೇಳು ಕಡ್ಡಿ ಇಲ್ಲ. ಉಳಿದ ಎಂಟು ಎಲ್ಲಿ ಹೋದ್ವು?"

ಮಾಮ ಹೇಳಿದ್ದು ಸುಳ್ಳೇನಲ್ಲ. ಬೀಡಿ ಸಿಗರೇಟಿನಂತೆ ತಾನೇ ಉರಿಯುವುದಿಲ್ಲ, ಎಳೆಯುತ್ತಿರದಿದ್ದರೆ ಆರಿಹೋಗುತ್ತದೆ. ಬರೆಯಲು ಕೂತಾಗ ಆರುತ್ತದೆ, ಮತ್ತೆ ಹಚ್ಚಬೇಕು. ಅತ್ತಿ ಒಪ್ಪಲಿಲ್ಲ, ಆಕ್ಷೇಪಣೆ ಹಾಗೇ ನಿಂತಿತು. ಸೆಕ್ರೆಟರಿ ಆದವರು ಆಕ್ಷೇಪಣೆ ಇಟ್ಟುಕೊಂಡು ನಿದ್ದೆ ಮಾಡಿಯಾರೇ? ಕಡ್ಡಿಗೆ ಬೇರೆ ಸ್ಟಾಕ್ ರಿಜಿಸ್ಟರು ಶುರುವಾಯಿತು. ಈಗ ಸಂಜೆ ದೇವರ ಮುಂದೆ ದೀಪ ಹಚ್ಚಲು ಅತ್ತಿ ಒಂದು ಕಡ್ಡಿ ಕೇಳಿದರೆ ಮಾಮ ಮೊದಲು ರಿಜಿಸ್ಟರು ಮುಂದೆ ಚಾಚಿ, "ಇಲ್ಲೊಂದು ಸಹಿ ಮಾಡು" ಅನ್ನುತ್ತಾರೆ.