ಪ್ಲೇನರ್‌ಗೆ ಹೊಸ ತಲೆ: ಒಂದು ಕಾಲ್ಪನಿಕ ಸಂದರ್ಶನ

ಜಾಯಿಂಟರ್ ಎಂದರೆ ಡೊಂಕು ಹಲಗೆಯ ಒಂದು ಮುಖವನ್ನೂ ಒಂದು ಅಂಚನ್ನೂ ನೇರ ಮಾಡುವ ಯಂತ್ರ. ನಮ್ಮ ಮರದ ಮಿಲ್‌ಗಳಲ್ಲಿ ಇದನ್ನು ಸರ್ಫೇಸ್ ಪ್ಲೇನರ್ ಎಂದೋ ಬರೀ ಪ್ಲೇನರ್ ಮೆಷಿನ್ ಎಂದೋ ಕರೆಯುತ್ತಾರೆ. ಇದರ ಮುಖ್ಯ ಅಂಗಗಳು ಮೂರು: ಮರ ನೂಕುವ ಕಡೆಯ ಮುಂದಿನ ಟೇಬಲ್, ಮರ ಹೊರಬರುವ ಕಡೆಯ ಹಿಂದಿನ ಟೇಬಲ್, ಇವೆರಡರ ನಡುವೆ ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುವ ಕಟರ್ ಬ್ಲಾಕ್, ಅಂದರೆ ಯಂತ್ರದ ತಲೆ. ಸದ್ಯದ ರಗಳೆ ಇರುವುದು ಮೂರನೆಯದರಲ್ಲಿ. ನೇರ ಬ್ಲೇಡಿನ ಬ್ಲಾಕ್ ಕಿತ್ತು, ಸುರುಳಿ ಸಾಲಿನಲ್ಲಿ ಸಣ್ಣ ಬಿಲ್ಲೆಗಳಿರುವ ಹೆಲಿಕಲ್ ಬ್ಲಾಕ್ ಹಾಕಿಸದ ಮಿಲ್ ಮಿಲ್ಲೇ ಅಲ್ಲ ಎಂದು ಮೊಬೈಲ್ ವಿಡಿಯೊಗಳು ತೀರ್ಪು ಕೊಟ್ಟಾಗಿದೆ. ತಲೆ ಯಾರದೋ ಅವರನ್ನೇ ಕೇಳುವುದು ನ್ಯಾಯವೆಂದು ಯಂತ್ರವನ್ನು ಸಂದರ್ಶಿಸಲಾಯಿತು. ತನ್ನನ್ನು ‘ಯಂತ್ರ’ ಎಂದೇ ಕರೆದುಕೊಂಡು ಐಟಿಐ ಪುಸ್ತಕದ ಧಾಟಿಯಲ್ಲಿ ಮಾತಾಡುವುದು ಅದರ ರೂಢಿ. ಸಂದರ್ಶಕರಿಗೆ ಪ್ಲೇನರ್‌ಗಿಂತ ಬಾಗಿಲುಗಳ ಚಿಂತೆ ಹೆಚ್ಚು.

ಸಂದರ್ಶಕ: ತಮಗೆ ಹೊಸ ತಲೆ ಬರುತ್ತಿದೆಯಂತೆ. ಸಂತೋಷವೆ?

ಯಂತ್ರ: ಹಳೆಯ ತಲೆಯ ತಪ್ಪೇನೆಂದು ಯಂತ್ರಕ್ಕೆ ಯಾರೂ ತಿಳಿಸಿಲ್ಲ. ಬ್ಲಾಕಿನಲ್ಲಿ ಮೂರು ಬ್ಲೇಡ್ ಇವೆ. ಒಂದೊಂದನ್ನೂ ಒಂದು ಪಟ್ಟಿ ಒತ್ತಿ ಹಿಡಿಯುತ್ತದೆ, ಪಟ್ಟಿಯನ್ನು ಬೋಲ್ಟ್‌ಗಳು ಬಿಗಿಯುತ್ತವೆ. ಬ್ಲೇಡಿನ ಬಾಯಿ ತೀರಾ ಮೇಲಕ್ಕೆ ಬಂದಾಗ ಹಿಂದಿನ ಟೇಬಲ್ಲಿನ ಮಟ್ಟಕ್ಕೆ ನಿಲ್ಲಬೇಕು, ವ್ಯತ್ಯಾಸ 0.05 ಮಿ.ಮೀ. ಮೀರಬಾರದು. ಬ್ಲೇಡ್ ಎತ್ತರವಾದರೆ ಹಲಗೆಯ ಕೊನೆಯಲ್ಲಿ ಗುಳಿ ಬೀಳುತ್ತದೆ. ತಗ್ಗಾದರೆ ಹಲಗೆಯ ಮೂತಿ ಟೇಬಲ್ಲಿನ ಅಂಚಿಗೆ ಗುದ್ದುತ್ತದೆ. ಎರಡಕ್ಕೂ ಬೈಗುಳ ಬ್ಲೇಡಿಗೇ. ಟೇಬಲ್ಲಿನ ಮಟ್ಟ ನೋಡಿದವರು ಯಾರು?

ಸಂದರ್ಶಕ: ಟೇಬಲ್ ಹಾಗಿರಲಿ. ಮಳೆಗಾಲ ಬಂತೆಂದರೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಅದು ಬ್ಲೇಡಿನ ದೋಷವೆ?

ಯಂತ್ರ: ಪ್ರಶ್ನೆ ಪಾಠದಲ್ಲಿಲ್ಲ. ಬೋಲ್ಟ್ ಬಿಗಿಯುವಾಗ ಬ್ಲೇಡ್ ಜರುಗುತ್ತದೆ, ಪಾಠದಲ್ಲಿರುವುದು ಅದು. ಮೊದಲು ಕರೆಂಟಿನ ಪ್ಲಗ್ ಕೀಳಬೇಕು. ಆಮೇಲೆ ನಡುವಿನ ಬೋಲ್ಟಿನಿಂದ ತುದಿಗಳ ಕಡೆಗೆ, ಎರಡು ಮೂರು ಸರದಿಯಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಡಯಲ್ ಗೇಜ್ ಇಲ್ಲವೆ? ನೇರವಾದ ಮರದ ಪಟ್ಟಿಯೊಂದನ್ನು ಹಿಂದಿನ ಟೇಬಲ್ಲಿನ ಮೇಲಿಟ್ಟು ಬ್ಲಾಕನ್ನು ಕೈಯಲ್ಲಿ ತಿರುಗಿಸಿದರೆ ಸಾಕು. ಪ್ರತಿ ಬ್ಲೇಡೂ ಪಟ್ಟಿಯನ್ನು ಸುಮಾರು 3 ಮಿ.ಮೀ. ಎಳೆದುಕೊಂಡು ಹೋಗಬೇಕು, ಎಡಕ್ಕೂ ನಡುವಿಗೂ ಬಲಕ್ಕೂ ಅಷ್ಟೇ. ಮೂರು ಬ್ಲೇಡಿಗೆ ಒಂಬತ್ತು ಅಳತೆ. ಈ ಒಂಬತ್ತಕ್ಕೆ ಕೂರುವ ವ್ಯವಧಾನ ಯಾರಿಗೂ ಇಲ್ಲದಾಗ ಯಂತ್ರದ ತಲೆ ಸರಿಯಿಲ್ಲ ಎಂಬ ಮಾತು ಹುಟ್ಟುತ್ತದೆ.

ಸಂದರ್ಶಕ: ಒಂದು ಬ್ಲೇಡ್ ತುಸು ಮೇಲಾದರೆ ಆಕಾಶವೇನೂ ಬೀಳುವುದಿಲ್ಲವಲ್ಲ?

ಯಂತ್ರ: ಲೆಕ್ಕ ಹಾಕಿ. ನಿಮಿಷಕ್ಕೆ 5,000 ಸುತ್ತು, ಮೂರು ಬ್ಲೇಡ್: 15,000 ಕಡಿತ. ಹಲಗೆ ನಿಮಿಷಕ್ಕೆ 6 ಮೀಟರ್ ಸಾಗಿದರೆ 0.4 ಮಿ.ಮೀ.ಗೆ ಒಂದು ಕಡಿತ. ಒಂದು ಬ್ಲೇಡ್ ಎದ್ದು ನಿಂತರೆ ಕೊನೆಯ ಗೆರೆ ಎಳೆಯುವುದು ಅದೊಂದೇ, ಅಂತರ 1.2 ಮಿ.ಮೀ.ಗೆ ಏರುತ್ತದೆ. ಪಾಲಿಷ್ ಹಚ್ಚಿದ ಮೇಲೆ ಅಲೆಅಲೆಯಾಗಿ ಕಾಣುತ್ತದೆ. ಮೂರು ಬ್ಲೇಡಿಗೆ ದುಡ್ಡು ಕೊಟ್ಟು ಒಂದರಿಂದ ಕೆಲಸ ತೆಗೆಯುವವರು ಹೊಸ ತಲೆಯಲ್ಲಿ ಎಷ್ಟು ಬಿಲ್ಲೆಗಳಿವೆ ಎಂದು ಮಾತ್ರ ಎಣಿಸುತ್ತಾರೆ.

ಸಂದರ್ಶಕ: ಹೆಲಿಕಲ್ ಬ್ಲಾಕಿನಲ್ಲಿ ಒಳ್ಳೆಯದು ಏನೂ ಇಲ್ಲವೆ?

ಯಂತ್ರ: ಇದೆ. ಸುಳ್ಳು ಹೇಳಲು ಯಂತ್ರಕ್ಕೆ ಕಲಿಸಿಲ್ಲ. ಚೌಕನೆಯ ಸಣ್ಣ ಕಾರ್ಬೈಡ್ ಬಿಲ್ಲೆಗಳು ಸುರುಳಿ ಸಾಲಿನಲ್ಲಿ ಕೂತಿರುತ್ತವೆ. ಒಂದು ಬಾಯಿ ಮೊಂಡಾದರೆ ಸ್ಕ್ರೂ ಸಡಿಲಿಸಿ ಕಾಲು ಸುತ್ತು ತಿರುಗಿಸಿದರಾಯಿತು, ನಾಲ್ಕು ಬಾಯಿ ಇವೆ. ಎತ್ತರ ಹೊಂದಿಸುವ ತಾಪತ್ರಯವಿಲ್ಲ. ತೇಗದಲ್ಲಿರುವ ಸಿಲಿಕಾ ಸ್ಟೀಲ್ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ; ಕಾರ್ಬೈಡ್ ಅದನ್ನು ಬಹುಕಾಲ ತಡೆದುಕೊಳ್ಳುತ್ತದೆ. ಹೊನ್ನೆ, ಮತ್ತಿಯಂಥ ಮರಗಳಲ್ಲಿ ಎಳೆ ಹಿಂದುಮುಂದಾಗಿ ಓಡುತ್ತದೆ. ಅಲ್ಲಿ ನೇರ ಬ್ಲೇಡ್ ಎಳೆಯನ್ನು ಕಿತ್ತು ತರುತ್ತದೆ, ಓರೆಯಾಗಿ ಕೊಯ್ಯುವ ಬಿಲ್ಲೆ ಅಷ್ಟು ಕೀಳುವುದಿಲ್ಲ. ಇಡೀ ಅಗಲ ಒಮ್ಮೆಗೇ ಬಡಿಯುವುದಿಲ್ಲವಾದ್ದರಿಂದ ಸದ್ದೂ ಕಡಿಮೆ.

ಸಂದರ್ಶಕ: ಮತ್ತೆ ಮುನಿಸು ಏಕೆ?

ಯಂತ್ರ: ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಬಿಲ್ಲೆಯ ಕೆಳಗೆ ಮರದ ಹೊಟ್ಟಿನ ಒಂದು ಕಣ ಸಿಕ್ಕಿಕೊಂಡರೆ ಬಿಲ್ಲೆ ಎದ್ದು ಹಲಗೆಯುದ್ದಕ್ಕೂ ಗೀರು ಬೀಳುತ್ತದೆ. ಮೋಟಾರಿನ ಮೇಲೆ ಹೊರೆ ಹೆಚ್ಚು, ಮರವನ್ನು ನಿಧಾನವಾಗಿ ನೂಕಬೇಕು. ಹೊಸದಾಗಿ ಸಾಣೆ ಹಿಡಿದ ನೇರ ಬ್ಲೇಡ್ ಸಾದಾ ಎಳೆಯ ಮರದಲ್ಲಿ ಕೊಡುವ ನುಣುಪನ್ನು ಬಿಲ್ಲೆ ಕೊಡುವುದಿಲ್ಲ. ನವಿರಾದ ಗೆರೆಗಳು ಉಳಿಯುತ್ತವೆ. ಸುರುಳಿಯಾಗಿ ಜೋಡಿಸಿದ್ದೆಲ್ಲ ಹೆಲಿಕಲ್ ಎಂದು ಮಾರಾಟವಾಗುತ್ತದೆ. ಆದರೆ ಬಿಲ್ಲೆಯ ಬಾಯಿ ನೆಟ್ಟಗೇ ಇದ್ದರೆ ಓರೆ ಕೊಯ್ತ ಎಲ್ಲಿಂದ ಬರಬೇಕು? ಇಷ್ಟೆಲ್ಲ ಆದ ಮೇಲೂ ಹಿಂದಿನ ಟೇಬಲ್ಲನ್ನು ಹೊಸ ತಲೆಯ ಎತ್ತರಕ್ಕೆ ಹೊಂದಿಸಲೇಬೇಕು. ಟೇಬಲ್ಲಿನ ಮಟ್ಟ ನೋಡಿದವರು ಯಾರು?

ಸಂದರ್ಶಕ: ಹೆಲಿಕಲ್ ಹಾಕಿದರೆ ಬಾಗಿಲು ಕಚ್ಚುವುದು ನಿಲ್ಲುತ್ತದೆಯೆ?

ಪ್ರಶ್ನೆಗೆ ಉತ್ತರ ಬರುವ ಮೊದಲೇ ಸಂದರ್ಶಕರು ಭಾಷಣಕ್ಕಿಳಿದರು. ಅದರ ಸಾರಾಂಶ: ಮರದ ತೇವ ಸುಮಾರು ಶೇ. 30ಕ್ಕಿಂತ ಇಳಿದ ಮೇಲಷ್ಟೇ ಅದು ಕುಗ್ಗತೊಡಗುತ್ತದೆ. ಹಸಿ ಮರವನ್ನು ಎಷ್ಟು ನೇರವಾಗಿ ಹೆರೆದರೂ ಒಣಗುವಾಗ ತಿರುಚುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಮತ್ತೆ ಉಬ್ಬುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನಕ್ಕೆಂದೇ ಒಂದು ಕೇಂದ್ರ ಸಂಸ್ಥೆ ಇದ್ದೂ ಅದೇ ಊರಿನ ಅಪಾರ್ಟ್‌ಮೆಂಟುಗಳ ಬಾಗಿಲನ್ನು ಜೂನ್ ತಿಂಗಳಲ್ಲಿ ಭುಜ ಕೊಟ್ಟು ನೂಕಬೇಕು. ಗೃಹಪ್ರವೇಶದ ಮುಹೂರ್ತ ನೋಡುವವರು ಮರ ಒಣಗಿತೇ ಎಂದು ನೋಡುವುದಿಲ್ಲ. ಯಂತ್ರ ಇದಕ್ಕೆಲ್ಲ ‘ಮಾಯಿಶ್ಚರ್ ಮೀಟರ್ ಕೊಳ್ಳಿ’ ಎಂದು ಒಂದೇ ಮಾತು ಹೇಳಿತು.

ಸಂದರ್ಶಕ: ತಮ್ಮ ಕುಲದಲ್ಲಿ ಹಿಂದೆ ತಲೆ ಬದಲಾಗಿದ್ದುಂಟೆ?

ಯಂತ್ರ: ಒಮ್ಮೆ ಉಂಟು. ಮೊದಲು ಬ್ಲಾಕ್ ಚೌಕವಾಗಿತ್ತು. ಚೌಕದ ಮೂಲೆಗಳು ತಿರುಗುವಾಗ ಟೇಬಲ್ಲುಗಳ ನಡುವೆ ದೊಡ್ಡ ಸಂದು ಉಳಿಯುತ್ತಿತ್ತು, ಜಾರಿದ ಕೈಯನ್ನು ಪೂರ್ತಿ ಒಳಗೆಳೆದುಕೊಳ್ಳುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ದುಂಡನೆಯ ಬ್ಲಾಕ್ ಬಂದು ಸಂದು ಕಿರಿದಾಯಿತು. ಆ ಬದಲಾವಣೆ ಕೈಗಾಗಿ ಆದದ್ದು. ಈಗಿನದು ನುಣುಪಿಗಾಗಿ.

ಸಂದರ್ಶಕ: ಬ್ಲಾಕನ್ನು ಮುಚ್ಚುವ ತಮ್ಮ ಗಾರ್ಡ್ ಕಾಣುತ್ತಿಲ್ಲ?

ಯಂತ್ರ: ಹೊಟ್ಟಿನ ಚೀಲಗಳ ಹಿಂದಿದೆ. ಕೆಲಸಕ್ಕೆ ಅಡ್ಡ ಬರುತ್ತದೆಂದು ತಂದ ದಿನವೇ ಬಿಚ್ಚಿಟ್ಟರು. ಮರ ನೂಕುವ ಹಿಡಿಕಟ್ಟೆಯೂ ಇಲ್ಲ, ಅಂಗೈ ಇದೆಯಲ್ಲ! 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಬೆರಳಿಗೆ ದರವಿತ್ತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರಬೆರಳಿಗೋ ಕಿರುಬೆರಳಿಗೋ 7. ಬಡಗಿಗೆ ತೋರುಬೆರಳಿಲ್ಲದೆ ಉಳಿ ಹಿಡಿಯಲು ಬರುತ್ತದೆಯೆ? ಅನುಸೂಚಿ ಬರೆದವರು ಹಿಡಿದು ನೋಡಿದ್ದಾರೆಯೆ? 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನಿಸುತ್ತಿತ್ತು. 2020ರ ಕಾರ್ಮಿಕ ಸಂಹಿತೆ ಅದನ್ನು ಇಪ್ಪತ್ತಕ್ಕೆ ಏರಿಸಿತು. ನಾಲ್ಕು ಜನ ದುಡಿಯುವ ಮಿಲ್ ಮೊದಲೂ ಕಾರ್ಖಾನೆಯಲ್ಲ, ಈಗಲೂ ಅಲ್ಲ. ಬ್ಲೇಡಿಗೆ ಮಾತ್ರ ಆ ವ್ಯತ್ಯಾಸ ಗೊತ್ತಿಲ್ಲ. ಹೊಸ ತಲೆಗೆ ದುಡ್ಡಿದೆ, ಪೆಟ್ಟಿಗೆಯಲ್ಲಿ ಪುಕ್ಕಟೆ ಬಂದ ಗಾರ್ಡನ್ನು ಹಾಕಲು ನಾಲ್ಕು ಬೋಲ್ಟ್ ಇಲ್ಲ. ಹೆಲಿಕಲ್ ಬಿಲ್ಲೆ ಬೆರಳನ್ನು ಬಿಟ್ಟುಬಿಡುತ್ತದೆಂದು ಯಾವ ವಿಡಿಯೊ ಹೇಳಿದೆ?

ಇದಕ್ಕೆ ಸಂದರ್ಶಕರು ಬಾಗಿಲಿನ ಪ್ರಶ್ನೆ ಕೇಳಲಿಲ್ಲ.

ಸಂದರ್ಶಕ: ಕೊನೆಗೆ ಯಾವುದನ್ನು ಆರಿಸಬೇಕು?

ಯಂತ್ರ: ಸಾದಾ ಎಳೆಯ ಮರ, ಹತ್ತಿರದಲ್ಲೇ ಸಾಣೆಯವನು, ಒಂಬತ್ತು ಅಳತೆಗೆ ಕೂರುವ ತಾಳ್ಮೆ ಇದ್ದರೆ ನೇರ ಬ್ಲೇಡ್ ಸಾಕು. ದಿನವಿಡೀ ತೇಗ, ಹೊನ್ನೆ ಹೆರೆಯುವ ಮಿಲ್ಲಿಗೆ, ಗೋಡೆಯಾಚೆ ಮನೆಗಳಿರುವ ಮಿಲ್ಲಿಗೆ ಹೆಲಿಕಲ್ ಬ್ಲಾಕ್ ತಕ್ಕದ್ದು. ಮೋಟಾರಿನ ಶಕ್ತಿ ನೋಡಿಕೊಂಡು ಹಾಕಿಸಬೇಕು. ಎರಡರಲ್ಲಿ ಯಾವುದಾದರೂ ಕೆಲಸದ ಕ್ರಮ ಒಂದೇ: ಮೊದಲು ಗಾರ್ಡ್, ಎರಡನೆಯದು ಒಣಗಿದ ಮರ, ಮೂರನೆಯದು ಹಿಂದಿನ ಟೇಬಲ್ಲಿನ ಮಟ್ಟ, ನಾಲ್ಕನೆಯದು ಕಟರ್ ಬ್ಲಾಕ್. ಖರ್ಚು ಮಾಡುವವರು ಈ ಪಟ್ಟಿಯನ್ನು ಕೆಳಗಿನಿಂದ ಓದುತ್ತಾರೆ.